ಬೇಸಿಗೆಗೊಂದು ಸುಳ್ಳು, ಮಳೆಗಾಲಕ್ಕೊಂದು

ನಮ್ಮ ಅಮ್ಮನಷ್ಟು ಮುಂದಾಲೋಚನೆ ಇರುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ನಾನು ಬಿದ್ದರೆ "ಬಿಸ್ಲು ಹೊಡ್ದಿದೆ". ಮಳೆಗಾಲದಲ್ಲಿ ಬಿದ್ದರೆ "ನೆನ್ನೆ ತಾನೇ ಜ್ವರದಿಂದ ಎದ್ದವ್ಳೆ". ಹಬ್ಬದ ದಿನವಾದರೆ "ಬೆಳಿಗ್ಗೆಯಿಂದ ಉಪವಾಸ". ಬಸ್ಸಿನಲ್ಲಾದರೆ "ಡೀಸೆಲ್ ವಾಸ್ನೆ ಇವ್ಳಿಗೆ ಆಗಲ್ಲ". ಒಂದು ನಡೆಯದಿದ್ದರೆ ಇನ್ನೊಂದು, ಅದನ್ನೂ ಯಾರಾದರೂ ನಂಬದಿದ್ದರೆ ಮತ್ತೊಂದು. ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಇರುತ್ತಿದ್ದವು.

ನನಗೆ ಮೂರ್ಛೆರೋಗವಿದೆ. ನಮ್ಮ ಕಡೆ ಪಿಡ್ಸು ಅನ್ನುತ್ತಾರೆ. ಹನ್ನೊಂದನೇ ವಯಸ್ಸಿನಲ್ಲಿ ಶುರುವಾಯಿತು. ಆಗಲೇ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ, ಅಕ್ಕ, ನಾನು, ಮೂವರೇ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ತಲೆಯೊಳಗಿನ ಕಾಯಿಲೆ, ಬಿಪಿ ಸಕ್ಕರೆಯ ಹಾಗೆ ಇದಕ್ಕೂ ಔಷಧಿ ಇದೆ, ತಪ್ಪಿಸದೆ ತಗೊಳ್ಳಬೇಕು ಎಂದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ನೋಡ್ದೋರಿಗೆ ಗೊತ್ತಾಗುತ್ತಾ?"

ಅಂದಿನಿಂದ ನಮ್ಮ ಮನೆಯ ವ್ಯವಸ್ಥೆ ಶುರುವಾಯಿತು. ಮಾತ್ರೆಯ ಚೀಟಿ ಹರಿದು ಒಲೆಗೆ ಹೋಯಿತು, ಮಾತ್ರೆಗಳು ಸಾಸಿವೆ ಡಬ್ಬಿಗೆ ಹೋದವು. ನಾಲ್ಕು ಜನ ಸೇರುವ ಕಡೆ ಹೋದಾಗ ಯಾರು ಎಲ್ಲಿ ನಿಲ್ಲಬೇಕು ಎನ್ನುವುದೂ ತೀರ್ಮಾನವಾಯಿತು. ನಾನು ಬಿದ್ದ ಕೂಡಲೇ ಅಕ್ಕ ನನ್ನ ಬಟ್ಟೆ ಸರಿಮಾಡಿ, ಬಾಯಿಯ ನೊರೆ ಒರೆಸಿ, ಕೈಗೆ ಬೀಗದಕೈ ಗೊಂಚಲು ತುರುಕಬೇಕು. ಅಮ್ಮನ ಅಣ್ಣ, ಅಂದರೆ ನಮ್ಮ ಸೋದರಮಾವ, ಜನರನ್ನು ಊಟಕ್ಕೆ ಕರೆಯಬೇಕು. ಅಮ್ಮ ನನಗೆ ಬೆನ್ನು ಹಾಕಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಎದುರಿಗಿರುವವರಿಗೆ ಆ ಹೊತ್ತಿನ ಸುಳ್ಳನ್ನು ಹೇಳಬೇಕು. ಬೀಗದಕೈಯಿಂದ ಮೂರ್ಛೆ ನಿಲ್ಲುವುದಿಲ್ಲ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ನನ್ನನ್ನು ಮಗ್ಗುಲಿಗೆ ಹೊರಳಿಸುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ. ಗಡಿಯಾರ ನೋಡುವ ಕೆಲಸವೂ ಇಲ್ಲ, ನಾನು ಉಸಿರಾಡುತ್ತಿದ್ದೇನೆಯೇ ಎಂದು ನೋಡುವ ಕೆಲಸವೂ ಇಲ್ಲ.

ಎಚ್ಚರವಾದಾಗ ನನಗೆ ಮೊದಲು ಕಾಣುತ್ತಿದ್ದುದು ಅಮ್ಮನ ಬೆನ್ನು. ರವಿಕೆಯ ಹೊಲಿಗೆ, ಬೆವರಿನ ಕಲೆ, ಅಗಲಿಸಿದ ಸೆರಗು. ಎಲ್ಲರ ಮನೆಯ ಮಕ್ಕಳೂ ಕಣ್ಣುಬಿಟ್ಟಾಗ ತಾಯಿಯ ಮುಖ ನೋಡುತ್ತಾರೆ.

ಹದಿನಾರನೇ ವಯಸ್ಸಿಗೆ ನನಗೆ ಹೆದರಿಕೆ ಶುರುವಾಯಿತು. ಬಟ್ಟೆ ಒಗೆಯುವಾಗ ತೊಟ್ಟಿಯೊಳಗೆ ಬಿದ್ದರೆ? ಒಲೆಯ ಮುಂದೆ ಒಬ್ಬಳೇ ಇದ್ದಾಗ ಬಿದ್ದರೆ? ಕೇಳಿದರೆ ಅಮ್ಮ ಬಾಯಿ ಮೇಲೆ ಹೊಡೆದ ಹಾಗೆ ಅನ್ನುತ್ತಿದ್ದಳು: "ಥೂ, ಬಿಡ್ತು ಅನ್ನು!" ಅಪಶಕುನದ ಮಾತು ಬಾಯಿಂದ ಬಂದರೆ "ಬಿಡ್ತು" ಅಂದು ಅದನ್ನು ಕಳಚಿ ಹಾಕಬೇಕಲ್ಲ, ನಾನೂ ಅನ್ನುತ್ತಿದ್ದೆ. ಬಿಡ್ತು. ತೊಟ್ಟಿಯ ವಿಷಯ ಅಲ್ಲಿಗೆ ಮುಗಿಯುತ್ತಿತ್ತು, ತೊಟ್ಟಿ ಮಾತ್ರ ಅಲ್ಲೇ ಇರುತ್ತಿತ್ತು. ಯಾರಾದರೂ ನೋಡಿಬಿಟ್ಟರೆ ಏನು ಮಾಡುವುದು ಎಂದು ಗಂಟೆಗಟ್ಟಲೆ ಯೋಚಿಸಬಹುದಾಗಿತ್ತು. ಸತ್ತುಹೋದರೆ ಏನು ಮಾಡುವುದು ಎಂದು ಒಂದು ಮಾತು ಆಡುವಂತಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಎಲ್ಲ ಸುಳ್ಳುಗಳೂ ಸೋತಾಗ ಬಳಸಬೇಕೆಂದು ಅಮ್ಮ ಕೊನೆಯದೊಂದನ್ನು ಎತ್ತಿಟ್ಟುಕೊಂಡಿದ್ದಳು. ಅದು ಹೊರಗೆ ಬಂದದ್ದು ಸೋದರಮಾವನ ಹೊಸ ಮನೆಯ ಗೃಹಪ್ರವೇಶದಲ್ಲಿ, ಸಮೇತನಹಳ್ಳಿಯಲ್ಲಿ. ನನಗಾಗ ಇಪ್ಪತ್ತೆರಡು. ಮನೆ ತುಂಬ ನೆಂಟರು, ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಮಾತ್ರೆ ನುಂಗಲು ಒಂದು ಮೂಲೆ ಸಿಗಲಿಲ್ಲ, ಎಲ್ಲಿ ಹೋದರೂ ಯಾವುದೋ ಚಿಕ್ಕಮ್ಮ "ಏನೇ ಅದು?" ಅನ್ನುತ್ತಿದ್ದಳು. ಹೋಮ ಮುಗಿದು ಹೊಗೆ ಇನ್ನೂ ಹಾಲ್‌ನಲ್ಲಿ ಸುತ್ತುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ, ಮಂಗಳಾರತಿಯ ತಟ್ಟೆ ಹಿಡಿದು ನಿಂತಿದ್ದವಳು, ಹಾಲ್‌ನ ನಡುವೆಯೇ ಬಿದ್ದೆ.

ಮುಂದಿನದನ್ನು ನನಗೆ ಹೇಳಿದ್ದು ಅಕ್ಕ. ಅಮ್ಮ ಬೆನ್ನು ಹಾಕಿ ಸೆರಗು ಅಗಲಿಸಿದಳಂತೆ. ಆದರೆ ಸುತ್ತಲೂ ಜನ. ಸೆರಗಿಗೆ ಒಂದೇ ಕಡೆ ಮರೆಮಾಡಲು ಸಾಧ್ಯ. ಬಿಸಿಲು ಅನ್ನುವ ಹಾಗಿಲ್ಲ, ಮನೆಯೊಳಗೆ ಇದ್ದೇವೆ. ಉಪವಾಸ ಅನ್ನುವ ಹಾಗಿಲ್ಲ, ನಾನು ಉಪ್ಪಿಟ್ಟು ತಿಂದದ್ದನ್ನು ಎಲ್ಲರೂ ನೋಡಿದ್ದಾರೆ. ಯಾರೋ "ಪಿಡ್ಸಾ?" ಎಂದಿದ್ದಾರೆ. ಆಗ ಅಮ್ಮ ಕೈ ಮುಗಿದು ಜೋರಾಗಿ ಕೂಗಿದಳಂತೆ: "ಮನೆದೇವ್ರು ಬಂದವ್ಳೆ! ತಾಯಿ ಮೈಮೇಲೆ ಬಂದವ್ಳೆ!"

ಬೆಪ್ಪುಗಳು ನಂಬಿಬಿಟ್ಟರು. ಹೆಂಗಸರು ಕಾಲಿಗೆ ಬಿದ್ದರು, ಅರಿಶಿನ ಕುಂಕುಮ ಮೆತ್ತಿದರು, ಒಬ್ಬಳು ಅದುರುತ್ತಿದ್ದ ನನ್ನ ಬಾಯಿಗೆ ತೀರ್ಥ ಹಾಕಿದಳು. ಅದು ಗಂಟಲಲ್ಲಿ ಸಿಕ್ಕಿಕೊಳ್ಳದೆ ಇದ್ದದ್ದು ನನ್ನ ಪುಣ್ಯ. ಅದುರು ನಿಂತು ನಾನು ಹೆಣದ ಹಾಗೆ ಮಲಗಿದ್ದಾಗ, ಸೋದರತ್ತೆ ನಿಜವಾದ ದೇವರೋ ಸುಳ್ಳೋ ನೋಡಬೇಕೆಂದು ಕರ್ಪೂರ ತಂದಳು. ಮೈಮೇಲೆ ದೇವರು ಬಂದಿದ್ದರೆ ಬೆಂಕಿ ಸುಡುವುದಿಲ್ಲವಲ್ಲ! ನನ್ನ ಬಲಗೈ ಬಿಡಿಸಿ, ಅಂಗೈ ಮೇಲೆ ಕರ್ಪೂರದ ಬಿಲ್ಲೆ ಇಟ್ಟು ಹಚ್ಚಿದರು. ನನಗೆ ಪ್ರಜ್ಞೆಯೇ ಇಲ್ಲ, ಕೈ ಎಲ್ಲಿಂದ ಎಳೆದುಕೊಳ್ಳಲಿ? ಎಳೆದುಕೊಳ್ಳಲಿಲ್ಲ ಅನ್ನುವುದೇ ಸಾಕ್ಷಿಯಾಯಿತು. ನಿಜವಾದ ತಾಯಿ ಅಂದರು. ಒಬ್ಬಳು ತನ್ನ ಮಗಳಿಗೆ ಯಾವಾಗ ಗಂಡು ಗೊತ್ತಾಗುತ್ತದೆ ಎಂದು ನನ್ನನ್ನೇ ಕೇಳಿದಳು.

ಕರ್ಪೂರ ಉರಿದು ಮುಗಿಯುವವರೆಗೆ ಅಮ್ಮ ಕೈಮುಗಿದುಕೊಂಡು ನಿಂತಿದ್ದಳು. ಆ ಹಾಲ್‌ನಲ್ಲಿ ಸತ್ಯ ಗೊತ್ತಿದ್ದವರು ಮೂವರು: ಅಮ್ಮ, ಅಕ್ಕ, ಸೋದರಮಾವ. ಮೂವರಲ್ಲಿ ಒಬ್ಬರಾದರೂ "ಬೇಡ" ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ, ಅಂದರೆ ದೇವರು ಸುಳ್ಳಾಗುತ್ತಿತ್ತು. ಅಂಗೈಯ ಕಲೆ ಈಗಲೂ ಇದೆ. ಚಳಿಗಾಲದಲ್ಲಿ ಚರ್ಮ ಬಿಗಿದು ಎಳೆಯುತ್ತದೆ.

ಆಮೇಲೆ ಎರಡು ತಿಂಗಳು ಮಂಗಳವಾರ ಶುಕ್ರವಾರ ನಮ್ಮ ಮನೆಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಅಮ್ಮ ಅವರನ್ನು ಕೂರಿಸಿ ಕಾಫಿ ಕೊಟ್ಟಳು. ತಾಯಿ ಸುಮ್ಮಸುಮ್ಮನೆ ಬರಲ್ಲ ಎಂದು ಒಂದು ಹೊಸ ಸುಳ್ಳನ್ನೂ ಕೊಟ್ಟಳು.

ನಾನು ಆಗಲೇ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಸೇರುವಾಗ ಕೊಟ್ಟ ಅರ್ಜಿಯಲ್ಲಿ "ಯಾವುದಾದರೂ ಕಾಯಿಲೆ ಇದೆಯೇ" ಎನ್ನುವ ಕಡೆ ಅಮ್ಮ ಹೇಳಿಕೊಟ್ಟ ಹಾಗೆ "ಇಲ್ಲ" ಎಂದು ಬರೆದಿದ್ದೆ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಹೋದ ದಿನ ಕೇಳಿದವರಿಗೆಲ್ಲ ಬೆಳಿಗ್ಗೆಯಿಂದ "ಎಣ್ಣೆ ಸಿಡೀತು" ಎಂದು ಹೇಳುತ್ತಾ ಬಂದೆ. ಅದೂ ಅಮ್ಮ ಕಟ್ಟಿಕೊಟ್ಟದ್ದೇ, ಬುತ್ತಿಯ ಜೊತೆಗೆ. ಮಧ್ಯಾಹ್ನ ಬ್ಯಾಂಡೇಜ್ ಬದಲಾಯಿಸಲು ಕಾರ್ಖಾನೆಯ ನರ್ಸಮ್ಮನ ಹತ್ತಿರ ಹೋದೆ. ಅವರು ಗಾಯ ನೋಡಿ, "ಎಣ್ಣೆ ಹಿಂಗೆ ದುಂಡಗೆ ಸುಡಲ್ಲಮ್ಮ" ಎಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎಲ್ಲ ಹೇಳಿಬಿಟ್ಟೆ.

ಅವರು ಅಯ್ಯೋ ಪಾಪ ಅನ್ನಲಿಲ್ಲ. ಒಂದು ಹಾಳೆ ತೆಗೆದುಕೊಂಡು ಕೇಳುತ್ತಾ ಹೋದರು. ಎಷ್ಟು ಹೊತ್ತು ಇರುತ್ತೆ? ಬರೋ ಮುಂಚೆ ಏನಾದ್ರೂ ಗೊತ್ತಾಗುತ್ತಾ? ಯಾರಿಗೆ ಫೋನ್ ಮಾಡ್ಬೇಕು? ನಾನು ಅಕ್ಕನ ನಂಬರು ಕೊಟ್ಟೆ.

"ಅವ್ರು ಸಿಗ್ಲಿಲ್ಲಾಂದ್ರೆ?"

ಸೋದರಮಾವನ ನಂಬರು ಕೊಟ್ಟೆ.

"ಅವ್ರೂ ಸಿಗ್ಲಿಲ್ಲಾಂದ್ರೆ?"

ನಾನು ಅವರ ಮುಖವನ್ನೇ ನೋಡಿದೆ. ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರು "ಬಿಡ್ತು ಅನ್ನು" ಎನ್ನಲೂ ಇಲ್ಲ. ಮರುದಿನವೇ ನನ್ನ ಲೈನಿನ ಎಂಟು ಹೆಂಗಸರನ್ನು ಕರೆದು, ಇವಳು ಬಿದ್ದರೆ ಮಗ್ಗುಲಿಗೆ ತಿರುಗಿಸಿ, ಕೈಕಾಲು ಅದುಮಿ ಹಿಡೀಬೇಡಿ, ಬಾಯಿಗೆ ಏನೂ ಹಾಕಬೇಡಿ, ಟೈಮ್ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಎಂದು ಹೇಳಿದರು. ಆ ಹೆಂಗಸರು "ಅಷ್ಟೇ ತಾನೆ?" ಎಂದು ಹೊಲಿಗೆಗೆ ಕೂತರು. ಯಾರೂ ಕೆಲಸ ಬಿಡಿಸಲಿಲ್ಲ. ಈಗ ನಾನೇ ನಮ್ಮ ಮಹಡಿಯ ತುರ್ತು ತಂಡದವಳು. ಬೆಂಕಿ ಬಿದ್ದರೆ ಜನರನ್ನು ಯಾವ ಬಾಗಿಲಿನಿಂದ ಕಳಿಸಬೇಕು, ಆ ಬಾಗಿಲಿಗೆ ದಾರಿ ಇಲ್ಲದಿದ್ದರೆ ಯಾವುದು, ನಾನೇ ಆ ದಿನ ರಜೆಯಲ್ಲಿದ್ದರೆ ಯಾರು, ಎಲ್ಲ ಗೊತ್ತು. ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಪೀಪಿ ಊದುತ್ತೇನೆ.

ಇಷ್ಟಾದರೂ ಮನೆಯಲ್ಲಿ ನಾನು ಗೆದ್ದಿರಲಿಲ್ಲ. ಅದು ಗೊತ್ತಾದದ್ದು ಅಕ್ಕನ ಮಗಳು ಬಿದ್ದಾಗ.

ಅಕ್ಕನನ್ನು ಅರಿಶಿನಕುಂಟೆಗೆ ಕೊಟ್ಟಿದೆ. ಹೈವೇ ಪಕ್ಕದ ಊರು. ಭಾವ ನೆಲಮಂಗಲದಲ್ಲಿ ಗೋಡೌನ್ ಒಂದರಲ್ಲಿ ಕೆಲಸ ಮಾಡುತ್ತಾರೆ. ಮಗುವಿಗೆ ಆರು ವರ್ಷ. ಹೋದ ವರ್ಷ ದಸರಾ ರಜೆಯಲ್ಲಿ ಎರಡು ಸಲ ಮೂರ್ಛೆ ಬಂತು. ಡಾಕ್ಟರು ಸಿರಪ್ ಕೊಟ್ಟರು, ನಿಯಂತ್ರಣಕ್ಕೆ ಬರಲು ಸ್ವಲ್ಪ ದಿನ ಹಿಡಿಯಬಹುದು, ಸ್ಕೂಲಿನಲ್ಲಿ ತಿಳಿಸಿಡಿ ಎಂದರು. ಸ್ಕೂಲು ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಗೆ ಹೋದಾಗ ಅಮ್ಮ ಆಗಲೇ ಬಂದು ಕೂತಿದ್ದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಾ ಪಾಠ ಹೇಳುತ್ತಿದ್ದಳು.

"ಕಂದ, ನೀನ್ ಬಿದ್ದಿದ್ ಯಾಕೆ ಅಂತ ಯಾರಾದ್ರೂ ಕೇಳಿದ್ರೆ?"

"ಬಿಸ್ಲು ಅಜ್ಜಿ."

"ಮಳೆ ಬರ್ತಾ ಇದ್ರೆ?"

"ಜ್ವರ."

"ಜಾಣೆ."

ಹೆಣ್ಣುಮಗು ಮಗ್ಗಿ ಒಪ್ಪಿಸುವ ಹಾಗೆ ನನ್ನ ಸುಳ್ಳುಗಳನ್ನು ಒಪ್ಪಿಸುತ್ತಿತ್ತು. "ಅದ್ರ ತಲೆಗೆ ಇದನ್ನ ತುಂಬ್ಬೇಡ" ಎಂದು ಕೂಗಿದೆ. ಸ್ಕೂಲಲ್ಲಿ ಹೇಳಬೇಕು, ವ್ಯಾನಿನಲ್ಲಿ ಹೇಳಬೇಕು, ಹೈವೇ ಮೇಲೆ ಹೋಗುವ ವ್ಯಾನಿನಲ್ಲಿ ಮಗು ಬಿದ್ದು ಏನಾದರೂ ಆದರೆ ಏನು ಮಾಡುತ್ತೀರಿ ಎಂದೆ.

"ಬಿಡ್ತು ಅನ್ನು!" ಎಂದಳು ಅಮ್ಮ.

"ಅನ್ನಲ್ಲ."

"ಬಿಡ್ತು ಅನ್ನೇ ಮೊದ್ಲು!"

"ಅನ್ನಲ್ಲ. ಏನಾದ್ರೂ ಆದ್ರೆ ಏನ್ ಮಾಡ್ತೀಯ, ಅದನ್ನ ಹೇಳು."

ಭಾವ ನಡುವೆ ಬಂದರು. "ನೋಡಮ್ಮ, ಹೆಣ್ಮಗು. ನಾಳೆ ಮದ್ವೆ ಗಿದ್ವೆ ಅಂತ ಇರುತ್ತೆ. ಊರಿಗೆಲ್ಲ ಸಾರ್ಕೊಂಡ್ ಬರೋಕಾಗುತ್ತಾ?" ಎಂದರು. ಆರು ವರ್ಷದ ಮಗು ಇನ್ನೂ ಷೂ ಎಡಬಲ ಮಾಡಿಕೊಂಡು ಹಾಕುತ್ತದೆ, ಇವರಿಗೆ ಅದರ ಮದುವೆಯ ಚಿಂತೆ! ಬದುಕಿದ್ದರೆ ತಾನೆ ಮದುವೆ ಎಂದು ಬಾಯಿಗೆ ಬಂತು. ಮಗು ನನ್ನನ್ನೇ ನೋಡುತ್ತಿತ್ತು, ನುಂಗಿಕೊಂಡೆ.

ನಾನು ಹೊರಟಾಗ ಅಕ್ಕ ಗೇಟಿನವರೆಗೆ ಬಂದು, ಮೆಲ್ಲಗೆ ಹೇಳಿದಳು: "ಇವ್ರ ಮುಂದೆ ನಾನು ಬೇಡ ಅಂದೆ ಅಂತಾನೇ ಇರ್ಲಿ. ನೀನು ಹೋಗಿ ಹೇಳ್ಬಿಡು." ಅವಳ ಮೇಲೂ ಸಿಟ್ಟು ಬಂತು. ಆದರೆ ಅಷ್ಟು ಸಾಕಾಗಿತ್ತು.

ಸ್ಕೂಲಿನ ಟೀಚರಿಗೆ ಹೇಳಿದೆ. ಆಮೇಲೆ ವ್ಯಾನಿನವನಿಗೆ. ದೇವನಹಳ್ಳಿ ಕಡೆ ಏರ್‌ಪೋರ್ಟ್ ಕ್ಯಾಬ್ ಓಡಿಸಿ ಬೇಸತ್ತು ಊರಿಗೆ ಬಂದವನು ಅವನು. ಕೇಳಿ ಗಾಬರಿಯಾಗಿ, "ಏನಕ್ಕಾ ನೀವು, ಮೊದ್ಲೇ ಹೇಳ್ಬಾರ್ದಾ? ಗಾಳಿ ಬೇಕು ಅಂತ ಅಳ್ತಾಳೆ ಅಂತ ನಾನು ದಿನಾ ಬಾಗ್ಲು ಪಕ್ಕಾನೇ ಕೂರಿಸ್ತಿದೀನಿ" ಎಂದ. ಆ ಬಾಗಿಲಿನ ಚಿಲಕ ಸಡಿಲವಾಗಿತ್ತು. ನಾನೇ ಎಳೆದು ನೋಡಿದೆ.

ಕಾರ್ಖಾನೆಯಲ್ಲಿ ಕಲಿತ ಹಾಗೆ ಒಂದು ಹಾಳೆಯಲ್ಲಿ ಎಲ್ಲ ದಪ್ಪಕ್ಷರದಲ್ಲಿ ಬರೆದು, ಲ್ಯಾಮಿನೇಶನ್ ಮಾಡಿಸಿ, ವ್ಯಾನಿನೊಳಗೆ ಅಂಟಿಸಿದೆ. ಬಹಳ ಬುದ್ಧಿವಂತೆ ಅಂದುಕೊಂಡೆ. ಎರಡನೇ ವಾರ ಆ ವ್ಯಾನು ರಿಪೇರಿಗೆ ಹೋಯಿತು. ಬದಲಿಗೆ ಬೇರೆ ವ್ಯಾನು, ಬೇರೆ ಡ್ರೈವರು. ನನ್ನ ಹಾಳೆ ಗ್ಯಾರೇಜಿನಲ್ಲಿ ನಿಂತ ವ್ಯಾನಿನ ಗೋಡೆಯ ಮೇಲೆ ಯಾರಿಗೂ ಬೇಡವಾಗಿ ಕೂತಿತ್ತು. ನಾಲ್ಕು ದಿನ ಮಗು ಏನೂ ಗೊತ್ತಿಲ್ಲದ ಮನುಷ್ಯನ ಜೊತೆ ಓಡಾಡಿದ ವಿಷಯ ನನಗೆ ಆಮೇಲೆ ತಿಳಿಯಿತು. ಆಗ ನನ್ನ ಮೇಲೆಯೇ ಸಿಟ್ಟು ಬಂತು. ಮಹಡಿಯ ಬಾಗಿಲು ಮುಚ್ಚಿದರೆ ಏನು ಮಾಡಬೇಕು ಎಂದು ತಿಂಗಳಿಗೊಮ್ಮೆ ಪೀಪಿ ಊದಿ ಹೇಳುವವಳು ನಾನು. ವ್ಯಾನು ಬದಲಾದರೆ ಎಂದು ಯೋಚಿಸಿರಲಿಲ್ಲ.

ವ್ಯಾನು ಬದಲಾಗುತ್ತದೆ, ಡ್ರೈವರು ಬದಲಾಗುತ್ತಾನೆ. ದಿನವೂ ಇರುವವರು ಯಾರು? ಜೊತೆಯ ಮಕ್ಕಳು. ಒಂದು ಶನಿವಾರ ರಜೆ ಹಾಕಿ, ವ್ಯಾನು ನಿಲ್ಲುವ ಕಡೆ ಹೋಗಿ, ಹದಿನಾಲ್ಕು ಮಕ್ಕಳಿಗೆ ಮಿಠಾಯಿ ಕೊಟ್ಟು ಹೇಳಿದೆ. ಮಗುವನ್ನೇ ಸೀಟಿನ ಮೇಲೆ ಮಲಗಿಸಿ ತೋರಿಸಿದೆ; ಅದಕ್ಕೆ ನಗುವೋ ನಗು. ಡ್ರೈವರ್ ಅಂಕಲ್‌ಗೆ ಗಾಡಿ ನಿಲ್ಲಿಸಿ ಅನ್ನಬೇಕು. ಕೆಳಗೆ ಮಲಗಿಸಿ ಮಗ್ಗುಲಿಗೆ ತಿರುಗಿಸಬೇಕು. ತಲೆ ಕೆಳಗೆ ಸ್ವೆಟರ್ ಇಡಬೇಕು. ಬಾಯಿಗೆ ಏನೂ ಹಾಕಬಾರದು. ಅವರಿಗೆ ಗಡಿಯಾರ ಬರುವುದಿಲ್ಲ, ಅದಕ್ಕೆ ಒಂದರಿಂದ ಜೋರಾಗಿ ಎಣಿಸಬೇಕು. ಮುನ್ನೂರು ದಾಟಿದರೆ ಆಂಬುಲೆನ್ಸ್ ಕರೆಯಲು ಅಂಕಲ್‌ಗೆ ಹೇಳಬೇಕು. ಇನ್ನೂರರ ಮೇಲೆ ಎಣಿಸಲು ಬರುವವರು ಮೂವರೇ ಇದ್ದರು. ನಾಲ್ಕನೇ ಕ್ಲಾಸಿನ ಒಬ್ಬಳು, "ಆಂಟಿ, ನಾನ್ ಬರದಿದ್ ದಿನ ಇವ್ನು ಎಣಿಸ್ತಾನೆ" ಎಂದು ತಾನೇ ಪಕ್ಕದವನನ್ನು ಗೊತ್ತುಮಾಡಿದಳು. ನಮ್ಮ ವಂಶದಲ್ಲಿ ಯಾರಿಗೂ ಹೊಳೆಯದ ಮಾತು. ಐಡಿ ಕಾರ್ಡಿನ ಹಿಂದೆ ಮೂರು ನಂಬರು ಬರೆದು ಅಂಟಿಸಿದೆ: ಅಕ್ಕ, ಭಾವ, ನಾನು. ಅಕ್ಕನ ಮನೆಯ ಪಕ್ಕದ ಅಂಗಡಿಯವಳಿಗೂ ಹೇಳಿ, ಅವಳ ನಂಬರನ್ನು ನಾನು ಇಟ್ಟುಕೊಂಡೆ.

ವಿಷಯ ಅಮ್ಮನಿಗೆ ತಿಳಿದು ನನ್ನ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಇದ್ದುಕೊಂಡು, ತಟ್ಟೆಯನ್ನು ಟಪ್ಪೆಂದು ಇಡುವುದು ಬಿಟ್ಟರೆ ಬೇರೆ ಮಾತಿಲ್ಲ. ನಾನೂ ಮಾತಾಡಿಸಲಿಲ್ಲ.

ಒಂದು ತಿಂಗಳು ಕಳೆದ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ ಕಾರ್ಖಾನೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಆ ದಿನವೂ ಬದಲಿ ಡ್ರೈವರು. ನಮ್ಮವನು ನೆಂಟರ ಮದುವೆಗೆ ಹೋಗಿದ್ದ. "ಮೇಡಂ, ಮಗು ಬಿದ್ಬಿಡ್ತು, ಮಕ್ಳೆಲ್ಲ ಎಣಿಸ್ತಾ ಅವ್ರೆ, ನಂಗೇನೂ ಗೊತ್ತಾಗ್ತಿಲ್ಲ" ಎಂದು ತೊದಲಿದ. ಹಿಂದೆ ಮಕ್ಕಳ ಧ್ವನಿ ಕೇಳುತ್ತಿತ್ತು. ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತಮೂರು. ಅಕ್ಕನಿಗೂ ಭಾವನಿಗೂ ಮಾಡಿದ್ದನಂತೆ, ಇಬ್ಬರೂ ಎತ್ತಿರಲಿಲ್ಲ. ನಾನು ಫೋನು ಕಿವಿಗೆ ಒತ್ತಿಕೊಂಡು, ಅವರ ಜೊತೆ ಎಣಿಸುತ್ತಾ ನಿಂತೆ. ನೂರ ಹನ್ನೆರಡಕ್ಕೆ ಎಣಿಕೆ ನಿಂತಿತು. ಯಾರೋ "ನಿಂತೋಯ್ತು ಅಂಕಲ್, ಉಸಿರಾಡ್ತಾವಳೆ" ಅಂದದ್ದು ಕೇಳಿಸಿತು. ಅವನಿಂದ ವ್ಯಾನು ನಿಂತ ಜಾಗ ಕೇಳಿಕೊಂಡು ಅಂಗಡಿಯವಳಿಗೆ ಫೋನು ಮಾಡಿದೆ. ಅವಳು ಗಿರಾಕಿಗಳನ್ನು ಹಾಗೇ ಬಿಟ್ಟು ಓಡಿ ಅಕ್ಕನನ್ನು ಕರೆದುಕೊಂಡು ಸರ್ವಿಸ್ ರೋಡಿಗೆ ಹೋದಳು.

ಮಗು ಚೆನ್ನಾಗಿತ್ತು. ಡಾಕ್ಟರು ಸಿರಪ್ಪಿನ ಅಳತೆ ಬದಲಾಯಿಸಿದರು. ಮರುದಿನ ಸ್ಕೂಲಿನಲ್ಲಿ ಎಣಿಸಿದವರು ತಾವು ಎಷ್ಟಕ್ಕೆ ನಿಲ್ಲಿಸಿದೆವು ಎಂದು ಜಗಳವಾಡಿದರಂತೆ.

ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಇಷ್ಟು ದಿನದ ಮೇಲೆ ಬಾಯಿ ಬಿಟ್ಟವಳು ಕೇಳಿದ ಮೊದಲ ಮಾತು: "ಹದಿನಾಲ್ಕು ಮಕ್ಳೂ ನೋಡಿದ್ವಾ?"

ನನಗೆ ತಡೆಯಲಾಗಲಿಲ್ಲ. ಅಂಗೈಯನ್ನು ಅವಳ ಮುಖದ ಮುಂದೆ ಹಿಡಿದೆ. "ಹೂಂ, ನೋಡಿದ್ವು. ಎಲ್ಲಾ ಅವಳ್ನೇ ನೋಡಿದ್ವು. ಅದ್ಕೇ ಬದ್ಕವ್ಳೆ. ನೀನು ನನ್ನ ಒಂದ್ಸಲ ಆದ್ರೂ ನೋಡಿದ್ಯಾ? ನಾನು ಬಿದ್ದಾಗ ಹೆಂಗಿರ್ತೀನಿ ಅಂತ ನಿಂಗೆ ಗೊತ್ತಾ?"

ಅಮ್ಮನ ಕೈ ನಿಂತಿತು. "ಇಲ್ಲ" ಎಂದಳು. ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು: "ಎಷ್ಟು ಎಣಿಸಿದ್ವಂತೆ?"

"ನೂರ ಹನ್ನೆರಡು."

ಅವಳು ಒಂದು ಅವರೆಕಾಳನ್ನು ಎತ್ತಿ ಮೊರಕ್ಕೆ ಹಾಕಿದಳು. ಇನ್ನೊಂದನ್ನು ಹಾಕಿದಳು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎಪ್ಪತ್ತು ದಾಟಿದ ಮೇಲೆ ಧ್ವನಿ ಹೊರಗೆ ಬಂತು. ನೂರ ಹನ್ನೆರಡಕ್ಕೆ ನಿಲ್ಲಿಸಿ, ಮೊರದಲ್ಲಿನ ಕಾಳಿನ ಗುಡ್ಡೆಯನ್ನು ನೋಡಿದಳು.

"ಇಷ್ಟೊತ್ತಾ?" ಎಂದಳು.

"ಇಷ್ಟೊತ್ತು" ಎಂದೆ. "ಇಷ್ಟೊತ್ತೂ ನೀನು ಆ ಕಡೆ ತಿರುಗಿರ್ತಿದ್ದೆ."

ಅವಳು ಬಿಡ್ತು ಅನ್ನು ಎನ್ನಲಿಲ್ಲ. ನಾನೂ ಸಮಾಧಾನ ಹೇಳಲಿಲ್ಲ.